ಟೇಪಕ್ಕನ ಹತ್ತು ಸೆಕೆಂಡು

ನನ್ನ ಅಂಗಡಿಗೂ ಟೇಪಕ್ಕನ ಅಂಗಡಿಗೂ ನಡುವೆ ಇರುವುದು ಒಂದೇ ಗೋಡೆ. ಆ ಗೋಡೆಯಲ್ಲೊಂದು ಕಿಂಡಿ ಇದೆ. ಹಿಂದೆ ಎರಡೂ ಸೇರಿ ಒಬ್ಬ ಔಷಧಿ ವ್ಯಾಪಾರಿಯ ಮಳಿಗೆಯಾಗಿತ್ತಂತೆ. ಒಳಗಿನಿಂದ ಬಾಟಲಿ ದಾಟಿಸಲು ಅವನು ಮಾಡಿಸಿದ ಕಿಂಡಿ ಅದು. ಈಗ ಅದರಲ್ಲಿ ದಾಟುವುದು ಟೀ ಲೋಟ, ಸ್ಕ್ರೂಡ್ರೈವರ್ ಮತ್ತು ಜಗಳ. ನಾನು ವಾಚ್ ರಿಪೇರಿಯವನು. ಹನ್ನೊಂದು ವರ್ಷದಿಂದ ಕಿಂಡಿಯ ಈಚೆ ನಾನು ಕೂತಿದ್ದೇನೆ, ಆಚೆ ಅಕ್ಕ ಕೂತಿದ್ದಾರೆ. ಹಾಗಾಗಿ ಅವರ ಬಗ್ಗೆ ಬರೆಯುವ ಹಕ್ಕು ನನಗಲ್ಲದೆ ಇನ್ಯಾರಿಗೂ ಇಲ್ಲ. ಅವರನ್ನೇ ಕೇಳಿದರೆ, "ಬರಿಯೋಕೆ ಏನಿದೆಯೋ? ಆ ಕಡೆಯಿಂದ ಬಂದದ್ದನ್ನ ಈ ಕಡೆಗೆ ಕಳಿಸಿದೆ, ಅಷ್ಟೇ" ಅಂದುಬಿಡುತ್ತಾರೆ.

ಅಂಗಡಿ ಇಡುವುದಕ್ಕೆ ಮೊದಲು ಅಕ್ಕ ಇಪ್ಪತ್ತಾರು ವರ್ಷ ಟೀವಿ ಕೇಂದ್ರದಲ್ಲಿದ್ದರು. ನೆಲಮಾಳಿಗೆಯಲ್ಲಿ ಕಿಟಕಿಯಿಲ್ಲದ ಒಂದು ಕೋಣೆ, ಅದರಲ್ಲಿ ಎರಡು ಬೀರುವಿನಷ್ಟು ದೊಡ್ಡ ಯಂತ್ರ, ಆ ಯಂತ್ರ ಬಿಸಿಯಾಗಬಾರದೆಂದು ಸದಾ ತಣ್ಣನೆ ಗಾಳಿ. ಸುಡುಬಿಸಿಲಲ್ಲೂ ಕೈಯಲ್ಲಿ ಸ್ವೆಟರ್ ಹಿಡಿದು ಬಸ್ಸು ಹತ್ತುವ ಹೆಂಗಸು ಎಂದು ಆ ರೂಟಿನ ಕಂಡಕ್ಟರುಗಳಿಗೆಲ್ಲ ಅವರ ಗುರುತು ಇತ್ತಂತೆ.

ಅಲ್ಲಿ ಅವರು ಮಾಡುತ್ತಿದ್ದ ಕೆಲಸ ಅರ್ಥವಾಗಲು ನನಗೆ ಮೂರು ತಿಂಗಳು ಬೇಕಾಯಿತು. ಪ್ರಪಂಚದ ಟೀವಿಗಳೆಲ್ಲ ಒಂದೇ ಲೆಕ್ಕದಲ್ಲಿ ಓಡುತ್ತಿರಲಿಲ್ಲ. ಕೆಲವು ದೇಶಗಳಲ್ಲಿ ಸೆಕೆಂಡಿಗೆ ಮೂವತ್ತು ಚಿತ್ರ, ಒಂದೊಂದು ಚಿತ್ರಕ್ಕೆ ಐನೂರ ಇಪ್ಪತ್ತೈದು ಗೆರೆ. ನಮ್ಮ ಕಡೆ ಸೆಕೆಂಡಿಗೆ ಇಪ್ಪತ್ತೈದೇ ಚಿತ್ರ, ಆದರೆ ಗೆರೆ ಆರುನೂರ ಇಪ್ಪತ್ತೈದು. ಬಣ್ಣ ಕಟ್ಟುವ ರೀತಿಯೂ ಬೇರೆ. ಎನ್‌ಟಿಎಸ್‌ಸಿ, ಪಾಲ್ ಎಂದೆಲ್ಲ ಇದಕ್ಕೆ ದೊಡ್ಡ ಹೆಸರುಗಳಿವೆ. ಅಕ್ಕನ ಬಾಯಲ್ಲಿ ಮಾತ್ರ ಅವು 'ಮೂವತ್ತರ ಟೇಪು', 'ಇಪ್ಪತ್ತೈದರ ಟೇಪು'. ಅಲ್ಲಿಯದನ್ನು ತಂದು ಹಾಗೆಯೇ ಇಲ್ಲಿ ಹಾಕಿದರೆ ಚಿತ್ರ ಉರುಳತೊಡಗುತ್ತದೆ, ಬಣ್ಣ ಹಾರಿಹೋಗುತ್ತದೆ. ಹೊರಗಿನಿಂದ ಬಂದ ಸುದ್ದಿ, ಆಟ, ಪ್ರಾಣಿಗಳ ಕಾರ್ಯಕ್ರಮ ಎಲ್ಲವನ್ನೂ ನಮ್ಮ ಟೀವಿಗೆ ಒಗ್ಗುವಂತೆ ಮಾಡಿ ಮೇಲಕ್ಕೆ ಕಳಿಸುವುದು ಅಕ್ಕನ ಕೆಲಸ.

ಮದುವೆಯಾದ ಹೊಸದರಲ್ಲಿ ಅವರ ಅತ್ತೆ ಇದನ್ನೆಲ್ಲ ವಿಚಾರಿಸಿದ್ದರಂತೆ.

"ಅಂದ್ರೆ ನೀನು ಭಾಷೆ ಬದಲಾಯಿಸ್ತೀಯೇನಮ್ಮ?"

"ಇಲ್ಲ ಅತ್ತೆ."

"ಮುಖ ಗಿಖ ಬದಲಾಯಿಸ್ತೀಯಾ?"

"ಅಯ್ಯೋ, ಇಲ್ಲ ಅತ್ತೆ."

"ಮತ್ತೆ ಇನ್ನೇನು ಬದಲಾಯಿಸ್ತೀಯ?"

"ಏನೂ ಬದಲಾಗಬಾರದು ಅತ್ತೆ. ಅದೇ ಕೆಲಸ."

ಅತ್ತೆ ಸ್ವಲ್ಪ ಹೊತ್ತು ಯೋಚಿಸಿ, "ಏನೂ ಬದಲಾಗದೇ ಇರೋಕೆ ಸಂಬಳ ಕೊಡ್ತಾರಾ! ಹಾಗಾದ್ರೆ ನನಗೂ ಒಂದು ಕುರ್ಚಿ ಹಾಕಿಸು" ಎಂದರಂತೆ. ಈ ಕತೆಯನ್ನು ಅಕ್ಕ ವರ್ಷಕ್ಕೆ ನಾಲ್ಕು ಸಲವಾದರೂ ಹೇಳುತ್ತಾರೆ, ನಾಲ್ಕು ಸಲವೂ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಾರೆ.

ಸೆಕೆಂಡಿಗೆ ಐದು ಚಿತ್ರ ಹೆಚ್ಚಾಗಿ ಬರುತ್ತವಲ್ಲ, ಅವನ್ನು ಎಲ್ಲಿ ಹಾಕುತ್ತಿದ್ದಿರಿ ಎಂದು ಒಮ್ಮೆ ಕೇಳಿದೆ. "ಬಿಸಾಕಿದ್ರೆ ಓಡೋನು ಕುಂಟ್ತಾನೆ. ಅದಕ್ಕೇ ಯಂತ್ರ ಅಕ್ಕಪಕ್ಕದ ಚಿತ್ರಗಳನ್ನ ಕಲಸಿ ಹೊಸದು ಮಾಡುತ್ತೆ. ಜಾಸ್ತಿ ಕಲಸಿದ್ರೆ ಚೆಂಡಿಗೆ ಬಾಲ ಬರುತ್ತೆ. ಕಮ್ಮಿ ಆದ್ರೆ ಚೆಂಡು ಕಪ್ಪೆ ಹಾಗೆ ಕುಪ್ಪಳಿಸುತ್ತೆ. ಎಷ್ಟು ಕಲಸಬೇಕು ಅನ್ನೋದು ಕೈಗೇ ಗೊತ್ತಾಗ್ಬೇಕು" ಎಂದರು. ಅವರು ಒಗ್ಗಿಸಿ ಕಳಿಸಿದ ಆಟವನ್ನು ಲಕ್ಷ ಜನ ನೋಡಿರಬಹುದು. ಒಬ್ಬನಿಗೂ ಅವರ ಕೈ ಕಂಡಿಲ್ಲ. ಅದೇ ಅವರ ಹೆಮ್ಮೆ. ನಾನಾಗಿದ್ದರೆ ಪರದೆಯ ಮೂಲೆಯಲ್ಲಿ ನನ್ನ ಹೆಸರು ಬರಲಿ ಎಂದು ಕಚೇರಿಗೆ ಬೀಗ ಜಡಿಯುತ್ತಿದ್ದೆ.

ಸಿನಿಮಾ ಫಿಲ್ಮಿನ ಲೆಕ್ಕ ಇನ್ನೂ ಬೇರೆ. ಫಿಲ್ಮ್ ಓಡುವುದು ಸೆಕೆಂಡಿಗೆ ಇಪ್ಪತ್ತನಾಲ್ಕು ಚಿತ್ರದಂತೆ. ನಮ್ಮ ಟೀವಿಗೆ ಇಪ್ಪತ್ತೈದು ಬೇಕು. ಒಂದೇ ಒಂದರ ವ್ಯತ್ಯಾಸಕ್ಕೆ ಯಾರು ಕಲಸಿಕೊಂಡು ಕೂರುತ್ತಾರೆ? ಫಿಲ್ಮನ್ನೇ ಕೊಂಚ ಜೋರಾಗಿ, ಇಪ್ಪತ್ತೈದರಂತೆ ಓಡಿಸಿಬಿಡುವುದು. ಇದು ಅಕ್ಕ ಮಾಡಿದ ಕಳ್ಳತನವಲ್ಲ, ನಮ್ಮ ಲೆಕ್ಕದ ಟೀವಿ ಇರುವಲ್ಲೆಲ್ಲ ನಡೆದುಬಂದ ರೂಢಿ. "ಎರಡು ಗಂಟೆ ಸಿನಿಮಾ ಐದು ನಿಮಿಷ ಮುಂಚೆ ಮುಗಿಯುತ್ತೆ. ಜನ ಐದು ನಿಮಿಷ ಬೇಗ ಮಲಗ್ತಾರೆ, ಒಳ್ಳೇದೇ ಅಲ್ವೇನೋ" ಎಂದು ಅಕ್ಕ ನಕ್ಕಿದ್ದರು. ನಾನೂ ನಕ್ಕಿದ್ದೆ. ಆ ನಗೆ ಮುಂದೆ ಇಬ್ಬರಿಗೂ ದುಬಾರಿಯಾಯಿತು.

ಕೇಂದ್ರದ ದೊಡ್ಡ ಯಂತ್ರವನ್ನು ಒಂದು ದಿನ ಬಿಚ್ಚಿ ಲಾರಿಗೆ ಹಾಕಿದರು. ಅದರ ಕೆಲಸವನ್ನು ಈಗ ಅಂಗೈಯಷ್ಟು ಪೆಟ್ಟಿಗೆ ಮಾಡುತ್ತದಂತೆ. ಅಕ್ಕ ನಿವೃತ್ತಿ ತೆಗೆದುಕೊಂಡು ನನ್ನ ಪಕ್ಕ ಬಂದು ಅಂಗಡಿ ಹಾಕಿದರು. ಯಾವ ಲೆಕ್ಕದ ಟೇಪಾದರೂ ಓದುವ ಆರು ಹಳೆಯ ಪ್ಲೇಯರುಗಳು, ಒಂದು ಕಂಪ್ಯೂಟರ್, ಹತ್ತಿಯ ಡಬ್ಬಿ, ಮೆತ್ತನೆ ಬ್ರಶ್ಶು. ಬೇರೆ ದೇಶದಲ್ಲಿ ನಡೆದ ಅಣ್ಣನ ಮದುವೆಯ ಟೇಪು ಇಲ್ಲಿ ಓಡುವುದಿಲ್ಲ ಎಂದು ಒಬ್ಬರು, ಮಗುವಿನ ಮೊದಲ ಹೆಜ್ಜೆಗೆ ಬೂಷ್ಟು ಹಿಡಿದಿದೆ ಎಂದು ಇನ್ನೊಬ್ಬರು ಬರುತ್ತಾರೆ. ಬೆಳಿಗ್ಗೆ ಹತ್ತಕ್ಕೆ ಬಾಗಿಲು ತೆಗೆದು, ಒಂದಕ್ಕೆ ಡಬ್ಬಿ ಬಿಚ್ಚಿ ಉಂಡು, ಕುರ್ಚಿಯಲ್ಲೇ ಹತ್ತು ನಿಮಿಷ ಕಣ್ಣು ಮುಚ್ಚಿ, ಆರಕ್ಕೆ ಬಾಗಿಲು ಹಾಕಿಕೊಂಡು ಅಕ್ಕ ಮನೆಗೆ ನಡೆಯುತ್ತಾರೆ. ಇಷ್ಟು ನೆಮ್ಮದಿಯಾಗಿ ದುಡಿಯುವವರನ್ನು ನಾನು ಕಂಡಿಲ್ಲ. ಕೆಲವೊಮ್ಮೆ ಹೊಟ್ಟೆಯುರಿಯುತ್ತದೆ ಕೂಡ.

ಅವರದೊಂದು ಹಳೆಯ ಅಭ್ಯಾಸ. ಯಾವ ಟೇಪು ಮುಗಿಸಿದರೂ ಅದರ ಬೆನ್ನಿಗೆ ಚೀಟಿ ಅಂಟಿಸಿ ಕೆಂಪು ಶಾಯಿಯಲ್ಲಿ ಅದು ಎಷ್ಟು ನಿಮಿಷ, ಎಷ್ಟು ಸೆಕೆಂಡು ಎಂದು ಬರೆಯುವುದು. ನನ್ನ ಜೊತೆ ಜಗಳ ಬಂದಾಗಲೆಲ್ಲ, "ಮೂವತ್ತೇಳು ವರ್ಷದಲ್ಲಿ ನನ್ನ ಚೀಟಿ ಒಂದು ಸೆಕೆಂಡು ತಪ್ಪಿದ್ದು ತೋರಿಸೋ ನೋಡೋಣ" ಎಂದು ಸವಾಲು ಹಾಕುವುದು ಇನ್ನೊಂದು ಅಭ್ಯಾಸ.

ಹೋದ ತಿಂಗಳು ಒಂದು ಮಂಗಳವಾರ, ಎದುರಿನ ಸಾಲಿನ ಕನ್ನಡಕದಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ ಅಕ್ಕನ ಬಳಿ ಬಂದಳು. ಹುಡುಗಿ ಎಂದೆ, ಮೂವತ್ತೆರಡು ವಯಸ್ಸು, ನನ್ನಂಥವನಿಗೆ ಹುಡುಗಿಯೇ. ಕೈಯಲ್ಲಿ ಒಂದು ಹಳೆಯ ಕ್ಯಾಸೆಟ್ಟು. ಒಳಗಿನ ಟೇಪಿನ ಅಂಚಿಗೆಲ್ಲ ಬಿಳಿ ಬೂಷ್ಟು.

"ಆಂಟಿ, ಇದರಲ್ಲಿ ನಮ್ಮಮ್ಮ ಇದಾರೆ. ನಾಲ್ಕೇ ನಿಮಿಷ. ನಾನು ನಾಲ್ಕು ವರ್ಷದವಳಿದ್ದಾಗ ಹೋಗ್ಬಿಟ್ರು, ನನಗೆ ಉಳಿದಿರೋದು ಇಷ್ಟೇ. ಭಾನುವಾರದ ಹೊತ್ತಿಗೆ ಆಗುತ್ತಾ? ಅವತ್ತು ಅಪ್ಪನಿಗೆ ಎಪ್ಪತ್ತು ತುಂಬುತ್ತೆ."

"ಅಪ್ಪನಿಗೆ ತೋರಿಸೋಕಾ?"

ಹುಡುಗಿ ಇದ್ದದ್ದನ್ನು ಹೇಳಿಯೇಬಿಟ್ಟಳು. "ಅಪ್ಪ ಇದನ್ನ ನೋಡಲ್ಲ ಆಂಟಿ. ನಾನು ಹತ್ತು ವರ್ಷದವಳಿದ್ದಾಗಿಂದ ನೋಡ್ತಿದೀನಿ, ಟೀವಿ ಹಾಕಿದ ತಕ್ಷಣ ಎದ್ದು ಹೊರಗೆ ಹೋಗ್ತಾರೆ. ಒಂದು ದಿನಾನೂ ಕೂತಿಲ್ಲ. ಚಿಕ್ಕವಳಿದ್ದಾಗ ದುಃಖಕ್ಕೆ ಅಂದ್ಕೊಂಡಿದ್ದೆ. ಈಗ ಅನ್ಸುತ್ತೆ, ಅವರಿಗೆ ಅಮ್ಮ ಬೇಡವೇ ಬೇಡ ಅಂತ. ಒಂದೇ ಒಂದು ಸಲ ನನ್ನ ಪಕ್ಕ ಕೂತು ನೋಡಿದ್ರೆ ಸಾಕು ನನಗೆ. ಚಿತ್ರ ಚೆನ್ನಾಗಿ ಬಂದ್ರೆ ಕೂರಬಹುದೇನೋ."

ಅಕ್ಕ ಕ್ಯಾಸೆಟ್ಟನ್ನು ತಿರುಗಿಸಿದರು. ಬೆನ್ನಿಗೆ ಮಾಸಿದ ಚೀಟಿ. ಕೆಂಪು ಶಾಯಿ. ನಾಲ್ಕು ನಿಮಿಷ, ಸೊನ್ನೆ ಸೆಕೆಂಡು.

"ಇದು ನನ್ನ ಕೈಬರಹ ಕಣಮ್ಮ!" ಅಕ್ಕನ ಧ್ವನಿಯಲ್ಲಿ ಸಂಭ್ರಮ. "ನಿಮ್ಮಪ್ಪ ನಮ್ಮ ಕೇಂದ್ರಕ್ಕೆ ಸೆಟ್ ಕಟ್ಟೋಕೆ ಬರ್ತಿದ್ದ ಬಡಗಿ ಅಲ್ವಾ? ಮನೇಲಿ ಪ್ರೊಜೆಕ್ಟರ್ ಕೆಟ್ಟಿದೆ, ಮಗಳಿಗೆ ಅಮ್ಮನ್ನ ತೋರಿಸ್ಬೇಕು ಅಂತ ಸಣ್ಣ ಫಿಲ್ಮ್ ರೀಲು ತಂದಿದ್ರು. ಊಟದ ಬಿಡುವಲ್ಲಿ ನಾನೇ ಮಾಡಿಕೊಟ್ಟಿದ್ದು." ಇಪ್ಪತ್ತೆರಡು ವರ್ಷದ ಮೇಲೆ ತನ್ನ ಕೆಲಸವೇ ತನ್ನ ಬಳಿ ಮರಳಿ ಬಂದದ್ದಕ್ಕೆ ಅವರ ಮುಖ ಊರಗಲ ಆಗಿತ್ತು.

ಮರುದಿನ ಅಕ್ಕ ಕ್ಯಾಸೆಟ್ಟಿನ ಐದು ಸ್ಕ್ರೂ ಬಿಚ್ಚಿ, ಟೇಪನ್ನು ಗೇಣುಗೇಣಾಗಿ ಒರೆಸಿ, ಹೊಸ ಡಬ್ಬಿಗೆ ಸುತ್ತಿದರು. ಐದನೆಯ ಸ್ಕ್ರೂ ತುಕ್ಕು ಹಿಡಿದಿದ್ದರಿಂದ ಬಿಚ್ಚಲು ನನ್ನ ಚಿಮಟವೇ ಬೇಕಾಯಿತು. ಅದಕ್ಕೇ ಕಿಂಡಿಯಲ್ಲಿ ತಲೆ ತೂರಿಸಿ ನೋಡುವ ಹಕ್ಕು ನನಗೂ ಬಂತು.

ಪರದೆಯ ಮೇಲೆ ಒಂದು ನಡುಮನೆ. ಕಿಟಕಿಯ ಬೆಳಕಲ್ಲಿ ಒಬ್ಬ ಹೆಂಗಸು ಚಿಕ್ಕ ಅಂಗಿಯೊಂದಕ್ಕೆ ಗುಂಡಿ ಹೊಲಿಯುತ್ತಾ ತನ್ನಷ್ಟಕ್ಕೆ ಏನೋ ಗುನುಗುತ್ತಿದ್ದಾಳೆ. ಮಾತಿಲ್ಲದ ರಾಗ. ಕ್ಯಾಮೆರಾ ಹಿಡಿದವನು ಅವಳ ತಮ್ಮನಂತೆ. ಕಾಲಬಳಿ ಎರಡು ವರ್ಷದ ಮಗು. ಹಿಂದೆ ಗೋಡೆಯ ಮೇಲೆ ಉದ್ದನೆಯ ಮರದ ಗಡಿಯಾರ. ಕೊನೆಯಲ್ಲಿ ಆಕೆ ದಾರ ಕಚ್ಚಿ ತುಂಡರಿಸಿ, ತಲೆಯೆತ್ತಿ, ಬಾಗಿಲ ಕಡೆ ನೋಡಿ ನಗುತ್ತಾಳೆ: "ಅಲ್ಲೇ ಕಂಬದ ಹಾಗೆ ನಿಂತಿದೀರಲ್ಲ! ಬನ್ನಿ, ಕೂತ್ಕೊಳ್ಳಿ." ಅಲ್ಲಿಗೆ ಮುಗಿಯಿತು.

ಅಕ್ಕ ಹೆಂಗಸನ್ನು ನೋಡುತ್ತಿದ್ದರು. ನಾನು ಗಡಿಯಾರವನ್ನು ನೋಡುತ್ತಿದ್ದೆ. ಯಾರಿಗೆ ಯಾವುದರ ಹುಚ್ಚೋ ಅದೇ ಕಣ್ಣಿಗೆ ಬೀಳುವುದು.

"ಇನ್ನೊಂದು ಸಲ ಹಾಕಿ ಅಕ್ಕ."

"ಯಾಕೋ, ಅಳು ಬಂತಾ?"

"ಮೊದಲು ಹಾಕಿ."

ಎರಡನೆಯ ಸಲ ನಾನು ಎಣಿಸಿದೆ. ಮೂರನೆಯ ಸಲ ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು ಎಣಿಸಿದೆ. ಆಮೇಲೆ ಹೇಳಿದೆ: "ಅಕ್ಕ, ಆ ಗಡಿಯಾರದ ಪೆಂಡುಲಂ ಒಂದು ಗಜಕ್ಕೂ ಮಿಗಿಲಾಗಿದೆ. ಅಷ್ಟುದ್ದ ಇದ್ರೆ ಸೆಕೆಂಡಿಗೆ ಒಂದು ಟಿಕ್, ಒಂದೇ ಒಂದು. ನಾಲ್ಕು ನಿಮಿಷಕ್ಕೆ ಇನ್ನೂರ ನಲವತ್ತು. ನಿಮ್ಮ ಟೇಪಲ್ಲಿ ಇನ್ನೂರೈವತ್ತು ಬರ್ತಿದೆ."

"ಅವರ ಗಡಿಯಾರ ಕೆಟ್ಟಿರಬೇಕು."

"ಈ ಲೆಕ್ಕದಲ್ಲಿ ಓಡಿದ್ರೆ ದಿನಕ್ಕೆ ಸರಿಯಾಗಿ ಒಂದು ಗಂಟೆ ಮುಂದೆ ಹೋಗುತ್ತೆ. ಅಂಥ ಗಡಿಯಾರನ ಯಾರಾದ್ರೂ ಗೋಡೆಗೆ ನೇತು ಹಾಕ್ತಾರಾ? ಒಲೆಗೆ ಹಾಕ್ತಾರೆ."

"ನಿನ್ನ ಸ್ಟಾಪ್‌ವಾಚೇ..." ಎಂದು ಅಕ್ಕ ಶುರುಮಾಡಿದವರು ಅಲ್ಲೇ ನಿಂತರು. ಅವರ ತುಟಿ ಒಳಗೊಳಗೇ ಲೆಕ್ಕ ಹಾಕುತ್ತಿತ್ತು. ಇಪ್ಪತ್ತನಾಲ್ಕಕ್ಕೆ ಇಪ್ಪತ್ತೈದು. ಇನ್ನೂರ ನಲವತ್ತಕ್ಕೆ ಇನ್ನೂರೈವತ್ತು. ಆ ಫಿಲ್ಮ್ ಅಸಲಿಗೆ ನಾಲ್ಕು ನಿಮಿಷ ಹತ್ತು ಸೆಕೆಂಡಿನದು. ಅಕ್ಕ ರೂಢಿಯಂತೆ ಅದನ್ನು ಜೋರಾಗಿ ಓಡಿಸಿ ನಾಲ್ಕು ನಿಮಿಷಕ್ಕೆ ಮುಗಿಸಿದ್ದರು. ಹಾಗೆ ಓಡಿಸಿದರೆ ಕೈಕಾಲು ಕೊಂಚ ಚುರುಕಾಗುತ್ತದೆ. ಧ್ವನಿಯೂ ಹೆಚ್ಚುಕಡಿಮೆ ಅರ್ಧ ಸ್ವರದಷ್ಟು ಏರುತ್ತದೆ. ಗೊತ್ತಿಲ್ಲದವರು ಕೇಳಿದರೆ ಏನೂ ತಿಳಿಯುವುದಿಲ್ಲ.

ಮೂವತ್ತೇಳು ವರ್ಷದ ಸವಾಲು ಗೆದ್ದೆನಲ್ಲ ಎಂದು ನಾನು ಚಪ್ಪಾಳೆ ತಟ್ಟಬೇಕಿತ್ತು. ಆದರೆ ಅಕ್ಕನ ಮುಖ ಬಿಳಿಚಿಕೊಂಡಿತ್ತು.

"ಅವಳ ಅಸಲಿ ಧ್ವನಿ ಗೊತ್ತಿದ್ದವರು ಒಬ್ಬರಿದ್ರು ಕಣೋ," ಎಂದರು. "ಆ ಬಡಗಿ. ಕ್ಯಾಸೆಟ್ ತಗೊಂಡು ಹೋಗಿ ವಾರ ಬಿಟ್ಟು ಬಂದ್ರು. ನನ್ನ ಕೋಣೆ ಬಾಗಿಲಲ್ಲಿ ನಿಂತ್ಕೊಂಡು, 'ತಪ್ಪು ತಿಳೀಬೇಡಿ ಮೇಡಂ, ಇದು ಅವಳ ಧ್ವನಿ ಅಲ್ಲ' ಅಂದ್ರು. ನಾನು ಯಂತ್ರದಿಂದ ತಲೆನೂ ತಿರುಗಿಸಲಿಲ್ಲ. 'ದುಃಖದಲ್ಲಿ ಹಾಗನ್ಸುತ್ತೆ, ಯಂತ್ರ ಸುಳ್ಳು ಹೇಳಲ್ಲ' ಅಂದ್ಬಿಟ್ಟೆ. ಅವರು 'ಇರಬಹುದು ಮೇಡಂ' ಅಂತ ಹೋದ್ರು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಅಕ್ಕ ಆ ದಿನ ಊಟದ ಡಬ್ಬಿ ಬಿಚ್ಚಲಿಲ್ಲ. ಹನ್ನೊಂದು ವರ್ಷದಲ್ಲಿ ಅದು ಮೊದಲ ಸಲ.

ಟೇಪು ಸರಿಮಾಡುವುದೇನೂ ಬ್ರಹ್ಮವಿದ್ಯೆಯಾಗಿರಲಿಲ್ಲ. ಕಂಪ್ಯೂಟರಿಗೆ ಇಳಿಸಿಕೊಂಡು ಇಪ್ಪತ್ತೈದನ್ನು ಇಪ್ಪತ್ತನಾಲ್ಕಕ್ಕೆ ನಿಧಾನಿಸಿದರೆ ಆಯಿತು. ಕಳೆದ ಹತ್ತು ಸೆಕೆಂಡು ಹಿಂದಕ್ಕೆ ಬರುತ್ತದೆ. ಗುರುವಾರ ಮಧ್ಯಾಹ್ನದ ಹೊತ್ತಿಗೆ ಮುಗಿದಿತ್ತು. ನಾನು ಮತ್ತೆ ಎಣಿಸಿದೆ. ನಿಮಿಷಕ್ಕೆ ಅರವತ್ತು ಟಿಕ್, ಒಂದೂ ಹೆಚ್ಚಿಲ್ಲ.

"ಹಾವೂ ಸಾಯಬಾರದು, ಕೋಲೂ ಮುರಿಯಬಾರದು," ಎಂದೆ ನಾನು. "ಇದನ್ನೇ ಸುಮ್ನೆ ಕೊಟ್ಬಿಡಿ. ಬೂಷ್ಟು ತೆಗೆದ ಮೇಲೆ ಚೆನ್ನಾಗಾಗಿದೆ ಅಂದ್ಕೋತಾರೆ. ಅವರಾಗಿ ಕೇಳದೆ ನೀವ್ಯಾಕೆ ಹೇಳ್ಬೇಕು?"

ಅಕ್ಕ ಕಿಂಡಿಯಲ್ಲಿ ನನ್ನನ್ನು ನೋಡಿದ ರೀತಿಗೆ ನಾನು ಕೈಯಲ್ಲಿದ್ದ ವಾಚನ್ನು ಕೆಳಗಿಟ್ಟೆ. "ನಿಮ್ಮ ಕಿವಿ ಸರಿಯಿಲ್ಲ ಅಂತ ಆ ಮನುಷ್ಯನಿಗೆ ಹೇಳಿದ್ದು ನಾನು. ಸರಿಯಾಗೇ ಇತ್ತು ಅಂತಲೂ ನಾನೇ ಹೇಳ್ಬೇಕು. ಇದಕ್ಕೆ ಗಾದೆ ಬೇಡ."

ಸಂಜೆ ಕೆಲಸ ಬಿಟ್ಟು ಹುಡುಗಿ ಬಂದಳು. ಅಕ್ಕ ಒಂದನ್ನೂ ಮುಚ್ಚಿಡದೆ ಹೇಳಿದರು: ಫಿಲ್ಮು, ಇಪ್ಪತ್ತನಾಲ್ಕು, ಇಪ್ಪತ್ತೈದು, ಬಾಗಿಲಲ್ಲಿ ನಿಂತ ಅಪ್ಪ, ತಾನು ಆಡಿದ ಮಾತು. ಹುಡುಗಿ ಕೂತಲ್ಲೇ ಕೇಳಿಸಿಕೊಂಡಳು. ಆಮೇಲೆ ಅಕ್ಕ ಸರಿಮಾಡಿದ್ದನ್ನು ಹಾಕಿದರು. ಗುನುಗು ಶುರುವಾಯಿತು, ಅದೇ ರಾಗ, ಒಂದಿಷ್ಟು ತಗ್ಗಿದ, ಒಂದಿಷ್ಟು ಅಗಲವಾದ ಧ್ವನಿ.

ಅರ್ಧ ನಿಮಿಷಕ್ಕೆ ಹುಡುಗಿ ಕೈ ಮುಂದೆ ಚಾಚಿ ನಿಲ್ಲಿಸಿದಳು. ಕಣ್ಣು ತುಂಬಿತ್ತು. "ಬೇಡ ಆಂಟಿ. ಇದು ನಮ್ಮಮ್ಮ ಅಲ್ಲ."

ಇದೊಂದನ್ನು ನಾವಿಬ್ಬರೂ ಯೋಚಿಸಿಯೇ ಇರಲಿಲ್ಲ. ಇಪ್ಪತ್ತೆರಡು ವರ್ಷ ಆ ಏರಿದ ಧ್ವನಿಯನ್ನೇ ಕೇಳಿ ಬೆಳೆದವಳು ಅವಳು. ಅವಳ ಅಮ್ಮ ಅದೇ. ಸರಿಪಡಿಸಲು ಹೋಗಿ ಅದನ್ನೂ ಕಿತ್ತುಕೊಳ್ಳುತ್ತಿದ್ದೆವು.

"ನಿಮ್ಮಪ್ಪ ಹೇಳಿದ್ದೂ ಇದೇ ಮಾತು ಕಣಮ್ಮ," ಎಂದರು ಅಕ್ಕ ಮೆಲ್ಲಗೆ. "ಎರಡನ್ನೂ ಹಾಕಿ ಕೊಡ್ತೀನಿ. ಯಾವುದು ಬೇಕೋ ನೀನೇ ನೋಡಿಕೋ. ಆದರೆ ಭಾನುವಾರ ನಾನೊಂದು ಗಳಿಗೆ ಬಂದು ಹೋಗ್ತೀನಿ. ನಿಮ್ಮಪ್ಪನ ಹತ್ರ ನನ್ನದೊಂದು ಮಾತಿದೆ."

ಹುಡುಗಿ ಮುಖ ಒರೆಸಿಕೊಂಡು, "ನಾಲ್ಕು ಗಂಟೆಗೆ ಬನ್ನಿ" ಎಂದಳು. ಹೊಸಿಲು ದಾಟುವಾಗ ತಿರುಗಿ ನನ್ನ ಕಡೆ ನೋಡಿದಳು. "ಟಿಕ್ ಎಣಿಸಿದ ಅಂಕಲ್ಲೂ ಬರಲಿ." ಅದರಲ್ಲಿ ಕರೆ ಎಷ್ಟಿತ್ತು, ಸಿಟ್ಟು ಎಷ್ಟಿತ್ತು ಎಂದು ನನಗಿನ್ನೂ ತಿಳಿದಿಲ್ಲ.

ಭಾನುವಾರ ಅಕ್ಕ ಇಸ್ತ್ರಿ ಮಾಡಿದ ಬಟ್ಟೆ ಉಟ್ಟು, ಪರೀಕ್ಷೆಗೆ ಹೊರಟವರ ಹಾಗೆ ನನ್ನ ಜೊತೆ ನಡೆದರು. ದಾರಿಯುದ್ದಕ್ಕೂ ಒಂದು ಜಗಳವೂ ಆಗಲಿಲ್ಲ. ಎರಡನೇ ಮಹಡಿಯ ಮನೆ. ಬಾಗಿಲು, ಕಿಟಕಿ, ಕುರ್ಚಿ ಎಲ್ಲ ಬಡಗಿಯ ಸ್ವಂತ ಕೈಯವು, ಒಂದೂ ಕಿರುಗುಟ್ಟುವುದಿಲ್ಲ. ನಡುಮನೆಗೆ ಕಾಲಿಟ್ಟವನೇ ನಾನು ಗೋಡೆ ನೋಡಿದೆ. ಅಲ್ಲೇ ಇತ್ತು, ಅದೇ ಉದ್ದನೆಯ ಗಡಿಯಾರ, ಟಿಕ್ ಟಿಕ್ ಎನ್ನುತ್ತಾ. ನನ್ನ ವಾಚಿಗೆ ಹೋಲಿಸಿದೆ. ಮುಳ್ಳು ಕೂದಲೆಳೆಯಷ್ಟೂ ಆಚೀಚೆ ಇಲ್ಲ.

"ಪೆಟ್ಟಿಗೆ ನಾನೇ ಮಾಡಿದ್ದು," ಎಂದರು ಬಡಗಿ. ಸಣಕಲು ಮೈ, ದೊಡ್ಡ ಅಂಗೈ, ಅಳೆದು ತೂಗಿ ಮಾತು. "ವಾರಕ್ಕೊಂದು ಸಲ ಕೀ ಕೊಡ್ತೀನಿ. ತಪ್ಪಲ್ಲ."

"ತಪ್ಪಲ್ಲ ಅಂತ ನನಗೆ ಗೊತ್ತು," ಎಂದೆ.

ತಿಂಡಿ ಆಯಿತು, ಟೀ ಆಯಿತು. ಹುಡುಗಿ ಟೀವಿಯ ಬಳಿ ಹೋಗಿ ಪೆನ್‌ಡ್ರೈವ್ ಸಿಕ್ಕಿಸಿದಳು. ಅಷ್ಟರಲ್ಲಿ ಬಡಗಿ ಖಾಲಿ ಲೋಟಗಳನ್ನು ಎತ್ತಿಕೊಂಡು ಸದ್ದಿಲ್ಲದೆ ಎದ್ದರು. ಹುಡುಗಿಯ ಬೆನ್ನು ಬಿಗಿಯಾದದ್ದು ಹಿಂದಿನಿಂದಲೇ ಕಾಣುತ್ತಿತ್ತು. ಅವರು ಅಡುಗೆಮನೆಯ ಬಾಗಿಲ ತನಕ ಹೋಗಿದ್ದರು. ಅಕ್ಕ ಎದ್ದು ನಿಂತರು.

"ಒಂದು ನಿಮಿಷ ನಿಲ್ಲಿ. ಇಪ್ಪತ್ತೆರಡು ವರ್ಷದ ಹಿಂದೆ ನೀವು ನನ್ನ ಬಾಗಿಲಲ್ಲಿ ನಿಂತು, ಇದು ಅವಳ ಧ್ವನಿ ಅಲ್ಲ ಅಂದ್ರಿ. ನಾನು ತಿರುಗಿ ಕೂಡ ನೋಡದೆ ಯಂತ್ರ ಸುಳ್ಳು ಹೇಳಲ್ಲ ಅಂದೆ. ಯಂತ್ರ ಸುಳ್ಳು ಹೇಳಿತ್ತು. ನಾನೇ ಅದನ್ನ ಜೋರಾಗಿ ಓಡಿಸಿದ್ದೆ. ನಿಮ್ಮ ಕಿವಿ ಸರಿ ಇತ್ತು, ನನ್ನ ಕೆಲಸ ತಪ್ಪಾಗಿತ್ತು. ಇದನ್ನ ಹೇಳೋಕೇ ಬಂದೆ."

ಬಡಗಿ ಲೋಟ ಹಿಡಿದುಕೊಂಡೇ ನಿಂತರು. ಆಮೇಲೆ ಬಂದ ಮಾತು ಅಕ್ಕನಿಗೆ ಹೇಳಿದ್ದೋ, ಮಗಳಿಗೋ, ತಮಗೇ ಹೇಳಿಕೊಂಡದ್ದೋ.

"ನಾನೇ ಅವಳ ಧ್ವನಿ ಮರೆತ್ಬಿಟ್ಟೆ ಅಂದ್ಕೊಂಡಿದ್ದೆ. ಆರು ವರ್ಷಕ್ಕೇ ಮರೆತವನು ನಾನು ಎಂಥ ಗಂಡಸು ಅಂತ... ಅದಕ್ಕೇ ಕೂರೋಕೆ ಆಗ್ತಿರಲಿಲ್ಲ."

"ಅಪ್ಪಾ," ಎಂದಳು ಹುಡುಗಿ. ಟೀವಿಯ ಮೇಲೆ ಎರಡು ಹೆಸರು ಕಾಣುತ್ತಿದ್ದವು, ಅಕ್ಕನ ರೀತಿಯಲ್ಲೇ: ನಾಲ್ಕು ನಿಮಿಷ, ನಾಲ್ಕು ನಿಮಿಷ ಹತ್ತು ಸೆಕೆಂಡು. ಅವಳ ಕೈಯ ರಿಮೋಟು ಮೊದಲನೆಯದನ್ನು ಆರಿಸಿತ್ತು. ಅಪ್ಪನನ್ನೊಮ್ಮೆ ನೋಡಿದಳು. ಒಂದು ಸಾಲು ಕೆಳಗಿಳಿದು ಎರಡನೆಯದನ್ನು ಒತ್ತಿ, ಬಂದು ಕೂತಳು.

ಆ ನಡುಮನೆಯೇ ಮತ್ತೆ ಪರದೆಯ ಮೇಲೆ ಬಂತು. ಆಕೆ ಗುಂಡಿ ಹೊಲಿಯುತ್ತಾ ಗುನುಗಿದಳು. ಟೀವಿಯೊಳಗಿನ ಗಡಿಯಾರ ಮತ್ತು ಗೋಡೆಯ ಗಡಿಯಾರ ಟಿಕ್ ಟಿಕ್ ಎನ್ನುತ್ತಾ ಒಂದೇ ನಡೆಯಲ್ಲಿ ಹೋಗುತ್ತಿದ್ದವು. ಒಂದರ ಹಿಂದೆ ಇನ್ನೊಂದು, ಆ ಅಂತರ ಒಂದಿಷ್ಟೂ ಹೆಚ್ಚಲಿಲ್ಲ, ಕಡಿಮೆಯಾಗಲಿಲ್ಲ. ಇದನ್ನು ಕೇಳಿಸಿಕೊಂಡವನು ಆ ಕೋಣೆಯಲ್ಲಿ ನಾನೊಬ್ಬನೇ ಇರಬೇಕು. ಅಕ್ಕ ಮತ್ತೆ ಕೂತು ಎರಡೂ ಕೈ ಮಡಿಲಲ್ಲಿಟ್ಟುಕೊಂಡಿದ್ದರು. ಪರದೆಯನ್ನಲ್ಲ, ಬಡಗಿಯನ್ನು ನೋಡುತ್ತಿದ್ದರು. ಅವರು ಇನ್ನೂ ಬಾಗಿಲಲ್ಲೇ ಇದ್ದರು.

ಆಕೆ ದಾರ ಕಚ್ಚಿದಳು. ತಲೆಯೆತ್ತಿದಳು. ಬಾಗಿಲ ಕಡೆ ನೋಡಿ ನಕ್ಕಳು.

"ಅಲ್ಲೇ ಕಂಬದ ಹಾಗೆ ನಿಂತಿದೀರಲ್ಲ! ಬನ್ನಿ, ಕೂತ್ಕೊಳ್ಳಿ."

"ಬಂದೆ, ಬಂದೆ," ಎಂದರು ಬಡಗಿ. ಲೋಟಗಳನ್ನು ನೆಲದ ಮೇಲಿಟ್ಟು ಬಂದು ಮಗಳ ಪಕ್ಕ ಕೂತರು. ಪರದೆ ಆಗಲೇ ಕಪ್ಪಾಗಿತ್ತು.

"ಮುಗಿದೇ ಹೋಯ್ತಲ್ಲಮ್ಮ," ಎಂದರು. "ಮೊದಲಿಂದ ಹಾಕು."